ಏಳನೇ ಟೋಕನ್ನಿನ ದವಡೆಹಲ್ಲು

ಮೂರು ದಿನದಿಂದ ಸಣ್ಣಗೆ ಗೊಣಗುತ್ತಿದ್ದ ಮೈಕಣ್ಣನ ಎಡಗಡೆಯ ದವಡೆಹಲ್ಲು, ಮತದಾನಕ್ಕೆ ಎರಡು ದಿನ ಇರುವಾಗ ಬಂಡಾಯವೆದ್ದಿತು. ಬೆಳಗಾಗುವಷ್ಟರಲ್ಲಿ ಕೆನ್ನೆಯೊಳಗೆ ಯಾರೋ ನಿಂಬೆಹಣ್ಣು ಬಚ್ಚಿಟ್ಟಂತೆ ಊದಿಕೊಂಡು, ಬಾಯಿ ಒಂದು ಬೆರಳು ತೂರುವಷ್ಟೂ ತೆರೆಯದಾಯಿತು. ಊರಿಗೆ ಊರೇ ಬಾಯಿ ಮಾಡುತ್ತಿದ್ದ ಹೊತ್ತಿನಲ್ಲಿ ಅವನೊಬ್ಬನ ಬಾಯಿ ಬಂದ್ ಆಗಿತ್ತು.

ಮೈಕಣ್ಣ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಬಸ್ ನಿಲ್ದಾಣದ ಗಾಜಿನ ಗೂಡಿನಲ್ಲಿ ಕೂತು, ಯಾವ ಬಸ್ಸು ಎಲ್ಲಿ ನಿಂತಿದೆ, ಎಷ್ಟು ತಡ ಎಂದು ಇಪ್ಪತ್ತೆರಡು ವರ್ಷ ಮೈಕಿನಲ್ಲಿ ಕೂಗಿದ್ದಕ್ಕೆ ಜನ ಕೊಟ್ಟ ಬಿರುದು. ಬಸ್ಸು ನಲವತ್ತು ನಿಮಿಷ ತಡವಾದರೆ ಅವನು ನಲವತ್ತು ಎಂದೇ ಹೇಳುತ್ತಿದ್ದ. ಪ್ರಯಾಣಿಕರು ಗಾಜಿಗೆ ಗುದ್ದಿ ಬೈದರೂ ಮೂವತ್ತೊಂಬತ್ತಕ್ಕೆ ಇಳಿಯುತ್ತಿರಲಿಲ್ಲ.

"ಇವತ್ತು ಕೀಳಿಸ್ಕೊಂಡೇ ಬನ್ನಿ," ಎಂದಳು ಹೆಂಡತಿ. "ನಾಳೆಯಿಂದ ಓಟಿನ ಎಣಿಕೆ ಮುಗಿಯೋವರೆಗೂ ಗಲಾಟೆಗೆ ಹೆದರಿ ಡಾಕ್ಟ್ರು ಬಾಗಿಲು ಹಾಕ್ತಾರಂತೆ. ಹತ್ತು ದಿನ ನಿಮ್ಮ ನರಳಾಟ ಕೇಳೋಕೆ ನನ್ ಕೈಲಾಗಲ್ಲ."

ದಂತವೈದ್ಯರ ಕ್ಲಿನಿಕ್ಕು ಮೊದಲ ಮಹಡಿಯಲ್ಲಿತ್ತು. ಟೋಕನ್ ನಂಬರ್ ಏಳು ಸಿಕ್ಕಿತು. ಒಳಗೆ ಕೂರಲು ಜಾಗವಿಲ್ಲದೆ ಮೈಕಣ್ಣ ಕೆಳಗಿಳಿದು, ಮೆಟ್ಟಿಲ ಬುಡದಲ್ಲಿ ಕೆನ್ನೆ ಹಿಡಿದು ನಿಂತ. ಎದುರಿನ ಗೋಡೆಯ ಪೋಸ್ಟರಿನಲ್ಲಿ ಬಾಚಣಿಗೆ ಪಕ್ಷದ ಅಭ್ಯರ್ಥಿ ಮೂವತ್ತೆರಡೂ ಹಲ್ಲು ತೋರಿಸಿ ನಗುತ್ತಿದ್ದ. ಅಷ್ಟು ಹಲ್ಲಿದ್ದೂ ಒಂದೂ ನೋಯದ ಆ ಭಾಗ್ಯವಂತನನ್ನು ಮೈಕಣ್ಣ ಹೊಟ್ಟೆಕಿಚ್ಚಿನಿಂದ ನೋಡುತ್ತಿದ್ದಾಗಲೇ ಒಂದು ಕೆಂಪು ಮೈಕು ಬಂದು ಅವನ ಮೂಗಿಗೆ ತಾಗಿತು.

ಊರಿನಲ್ಲಿ ಎರಡು ಸುದ್ದಿ ಚಾನೆಲ್ಲುಗಳಿದ್ದವು. ಕೆಂಪು ಮೈಕಿನದು ಬಕೆಟ್ ಪಕ್ಷದ ಪರ, ನೀಲಿ ಮೈಕಿನದು ಬಾಚಣಿಗೆ ಪಕ್ಷದ ಪರ. ಇದು ಆ ಎರಡು ಚಾನೆಲ್ಲಿನವರನ್ನು ಬಿಟ್ಟು ಮಿಕ್ಕವರೆಲ್ಲರಿಗೂ ಗೊತ್ತಿತ್ತು.

"ಸಾರ್, ಯಾರು ಸಾರ್ ಹೀಗ್ ಮಾಡಿದ್ದು?" ಎಂದಳು ಕೆಂಪು ಮೈಕಿನ ವರದಿಗಾರ್ತಿ.

"ಹ್... ಹಹ್..." ಎಂದ ಮೈಕಣ್ಣ. ಮಾತು ಹೊರಡದೆ, ತಾನು ಕ್ಲಿನಿಕ್ಕಿಗೆ ಬಂದವನು ಎಂದು ತಿಳಿಸಲು ಟೋಕನ್ ಹಿಡಿದ ಕೈ ಮುಂದೆ ಚಾಚಿದ. ಅವನ ದುರದೃಷ್ಟಕ್ಕೆ ಆ ಕೈಯ ನೇರಕ್ಕೆ ಇದ್ದದ್ದು ಪೋಸ್ಟರು.

"ಬಾಚಣಿಗೆಯವರಾ? ಬಾಚಣಿಗೆಯವ್ರು ಹೊಡೆದ್ರಾ ಸಾರ್?"

ಮೈಕಣ್ಣ ಇಲ್ಲವೆಂದು ಜೋರಾಗಿ ತಲೆಯಾಡಿಸಿದ. ಹಲ್ಲು ಜೀವ ಹಿಂಡಿತು, ಕಣ್ಣಲ್ಲಿ ದಳದಳ ನೀರು ಬಂತು.

"ನೋಡಿ ವೀಕ್ಷಕರೇ, ಅಳ್ತಿದಾರೆ! ಹೆಸರು ಹೇಳೋಕೂ ಹೆದರ್ತಿದಾರೆ!"

ಅವನು ಮೆಟ್ಟಿಲು ಹತ್ತಿ ಮೇಲೆ ಬರುವಷ್ಟರಲ್ಲಿ ಕಾಯುವ ಕೋಣೆಯ ಟೀವಿಯಲ್ಲಿ ಅವನದೇ ಮುಖ. 'ಮತದಾರನ ದವಡೆ ಪುಡಿಪುಡಿ!' ಎಂಬ ಅಕ್ಷರಗಳು ಮಿಣುಕುತ್ತಿದ್ದವು. ಬಾಚಣಿಗೆ ಪೋಸ್ಟರಿನ ಕಡೆಗೇ ನೋಡುತ್ತ ನಿಂತರೆ ಅಭಿಮಾನಿಯಂತೆ ಕಾಣುತ್ತಾನೆಂದು, ಅವನ ಚಿತ್ರವನ್ನು ಕತ್ತರಿಸಿ, ಎಡದ್ದು ಬಲಕ್ಕೆ ತಿರುಗಿಸಿ, ಪೋಸ್ಟರಿಗೆ ಬೆನ್ನು ಹಾಕಿಸಿ ನಿಲ್ಲಿಸಿದ್ದರು. ಅವನ ಜೊತೆಗೆ ಊತವೂ ತಿರುಗಿ ಬಲಗೆನ್ನೆಗೆ ಹೋಗಿತ್ತು. ನಿರೂಪಕ ಅದರ ಸುತ್ತ ಕೆಂಪು ವೃತ್ತ ಎಳೆಯುತ್ತಿದ್ದ.

ಹೆಂಡತಿಯ ಫೋನು ಬಂತು. "ರೀ, ಬೆಳಿಗ್ಗೆ ಎಡಗಡೆ ಅಲ್ವಾ ಊದಿದ್ದು? ಟೀವೀಲಿ ಬಲಗಡೆ ಇದೆ! ಆ ಕಡೆಗೂ ಶುರುವಾಯ್ತಾ?"

"ಹ್ಹ್ಹು," ಎಂದ ಮೈಕಣ್ಣ. ಹೌದು ಎಂದೋ ಇಲ್ಲ ಎಂದೋ ತಿಳಿಯದೆ ಅವಳು ಅಳತೊಡಗಿದಳು.

ಕಾಂಪೌಂಡರು ಚಾನೆಲ್ ಬದಲಿಸಿದ. ನೀಲಿ ಮೈಕಿನವರು ಅಷ್ಟು ಹೊತ್ತಿಗೆ ಸಂಶೋಧನೆ ಮುಗಿಸಿದ್ದರು. 'ಊತ ಅಸಲಿಯೋ, ಹತ್ತಿಯೋ?' ಎಂಬ ಚರ್ಚೆಯಲ್ಲಿ ಐವರು ಏಕಕಾಲಕ್ಕೆ ಕೂಗುತ್ತಿದ್ದರು. ನಡುವೆ ಮೈಕಣ್ಣನ ಕೆಳಮನೆಯ ನಿವೃತ್ತ ಪೋಸ್ಟ್‌ಮಾಸ್ತರರು ಇಸ್ತ್ರಿ ಮಾಡಿದ ಶರ್ಟಿನಲ್ಲಿ ಕಾಣಿಸಿಕೊಂಡು, "ಮೂರು ದಿನದಿಂದ... ನಟನೆ..." ಎಂದು ಹೇಳಿ ಮಾಯವಾದರು.

ಮರುಕ್ಷಣವೇ ಅವರ ಫೋನು. "ನೋಡಿದ್ಯೇನಪ್ಪಾ? ಮೂರು ದಿನದಿಂದ ಹಲ್ಲುನೋವು ಅಂತ ಒದ್ದಾಡ್ತಿದಾನೆ, ನಟನೆ ಗಿಟನೆ ಏನೂ ಇಲ್ಲ ಅಂತ ನಿನ್ನ ಪರವಾಗೇ ಹೇಳಿದೆ. ಉದ್ದ ಆಯ್ತು ಅಂತ ಸ್ವಲ್ಪ ಕತ್ತರಿಸಿದಾರೆ, ಅಷ್ಟೇ. ಶರ್ಟು ಚೆನ್ನಾಗಿ ಕಾಣಿಸ್ತಾ?"

ಮೈಕಣ್ಣನಿಗೆ ರೋಸಿಹೋಯಿತು. ಇಂಥವರ ಕೈಗೆ ಬಸ್ ನಿಲ್ದಾಣದ ಮೈಕು ಕೊಟ್ಟರೆ ಮದುವೆಗೆ ಹೊರಟವರು ಸ್ಮಶಾನದ ಹತ್ತಿರ ಇಳಿಯುತ್ತಾರೆ ಎಂದು ಮನಸ್ಸಿನಲ್ಲೇ ಶಪಿಸಿದ.

"ಟೋಕನ್ ಏಳು!"

ಮೈಕಣ್ಣ ಓಡಿದ. ಆದರೆ ಡಾಕ್ಟರು ಬಾಗಿಲಲ್ಲೇ ಕೈ ಅಡ್ಡ ಹಿಡಿದರು. "ತಪ್ಪು ತಿಳ್ಕೋಬೇಡಿ. ಈ ದವಡೆ ಈಗ ನಿಮ್ಮದೊಬ್ಬರದೇ ಅಲ್ಲ. ನಾನು ಮುಟ್ಟಿದ್ರೆ ಸಾಕ್ಷ್ಯ ನಾಶ ಅಂತಾರೆ. ಕಿಟಕಿ ಗಾಜು ಹೋದ ತಿಂಗಳಷ್ಟೇ ಹಾಕ್ಸಿದ್ದು. ಮೊದ್ಲು ಆ ಚಾನೆಲ್ಲಿನವರಿಗೆ ಸಮಾಧಾನ ಹೇಳ್ಬಿಟ್ಟು ಬನ್ನಿ."

ಮೈಕಣ್ಣ ಔಷಧಿ ಚೀಟಿಯೊಂದರ ಬೆನ್ನಿಗೆ ದಪ್ಪಕ್ಷರದಲ್ಲಿ ಬರೆದ: 'ನನಗೆ ಯಾರೂ ಹೊಡೆದಿಲ್ಲ. ಹಲ್ಲುನೋವು. ಇಷ್ಟೇ.' ಇದನ್ನು ತಿರುಚಲು ಬ್ರಹ್ಮನಿಗೂ ಸಾಧ್ಯವಿಲ್ಲವೆಂದು ಧೈರ್ಯ ತಂದುಕೊಂಡು ಕೆಳಗಿಳಿದ.

ಈಗ ಮೆಟ್ಟಿಲ ಬುಡದಲ್ಲಿ ನೀಲಿ ಮೈಕಿನ ವರದಿಗಾರನೂ ಇದ್ದ. ಕೆಂಪು ಮೈಕಿನವಳು ಚೀಟಿ ಓದಿ, "ಒತ್ತಡಕ್ಕೆ ಮಣಿದು ಹೇಳಿಕೆ ಬದಲಿಸಿದ ಸಂತ್ರಸ್ತ!" ಎಂದಳು. ನೀಲಿ ಮೈಕಿನವನು ಅದನ್ನು ಕಿತ್ತುಕೊಂಡು, "ನಾಟಕ ಒಪ್ಪಿಕೊಂಡ ಬಕೆಟ್ ಏಜೆಂಟ್!" ಎಂದ.

"ಚೀಟಿ ನಮ್ದು! ಮೊದ್ಲು ನಮಗೆ ಕೊಟ್ಟಿದ್ದು!"

"ಬಿಡ್ರೀ, ಲೈವ್ ಹೋಗ್ತಿದೆ!"

ಎಳೆದಾಟದಲ್ಲಿ ಮೈಕೊಂದು ಗಾಳಿಯಲ್ಲಿ ಹಾರಿ ಮೈಕಣ್ಣನ ಬಲಗೆನ್ನೆಗೆ ಫಟ್ಟನೆ ಬಡಿಯಿತು. ಕೆಂಪೋ ನೀಲಿಯೋ, ಅವನಿಗೆ ಕಂಡದ್ದು ನಕ್ಷತ್ರಗಳು ಮಾತ್ರ. ಬೆಳಗಿನಿಂದ ಬರೀ ಸುದ್ದಿಯಾಗಿದ್ದ ಪೆಟ್ಟು ಈಗ ನಿಜವಾಗಿಯೂ ಬಿದ್ದಿತ್ತು, ಅದೂ ಎರಡು ಕ್ಯಾಮೆರಾಗಳ ಎದುರಿಗೆ. ಆದರೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ಕ್ಯಾಮೆರಾ ಆಫ್ ಮಾಡಿಸಿದರು. ಇಡೀ ಚುನಾವಣೆಯಲ್ಲಿ ಆ ಎರಡು ಚಾನೆಲ್ಲುಗಳು ಒಮ್ಮತಕ್ಕೆ ಬಂದದ್ದು ಅದೊಂದೇ ಸಲ.

ಮೇಲಿನಿಂದ ನೋಡಿದ ಡಾಕ್ಟರಿಗೆ ಎಲ್ಲಿಲ್ಲದ ಕನಿಕರ ಉಕ್ಕಿತು. "ಪಾಪ, ಕರ್ಕೊಂಬಾರಯ್ಯಾ ಬೇಗ! ಗಲಾಟೆ ಜೋರಾಗೋಕೆ ಮುಂಚೆ ಕಿತ್ತು ಕಳಿಸ್ಬಿಡೋಣ," ಎಂದರು. ಕುರ್ಚಿಯಲ್ಲಿ ಒರಗಿದ ಮೈಕಣ್ಣನಿಗೆ ಬಹಳ ಹೊತ್ತಿನ ಮೇಲೆ ಜೀವ ಬಂದಂತಾಯಿತು. ಈಗ ಅವನ ಎರಡು ಕೆನ್ನೆಗಳೂ ಒಂದೇ ಗಾತ್ರದಲ್ಲಿದ್ದವು. ಯಾವ ಕಡೆ ಎಂದು ತೋರಿಸಲು ಕೈ ಎತ್ತಿದ. ಕಾಂಪೌಂಡರು ಎರಡೂ ಕೈ ಗಟ್ಟಿಯಾಗಿ ಹಿಡಿದುಕೊಂಡ.

"ಕೈ ಆಡಿಸ್ಬೇಡಿ ಅಣ್ಣಾ."

"ನೀವೇನೂ ಹೇಳೋದು ಬೇಡ," ಎಂದರು ಡಾಕ್ಟರು ಸೂಜಿ ಹಿಡಿದು. "ಬೆಳಿಗ್ಗೆಯಿಂದ ಎಲ್ಲಾ ನೋಡ್ತಾನೇ ಇದೀನಿ."

ಮೈಕಣ್ಣ ಕಾಲು ಝಾಡಿಸಿದ. ಹೆದರಿಕೆಯೆಂದುಕೊಂಡು ಕಾಂಪೌಂಡರು ಕಾಲ ಮೇಲೆ ಕೂತ. ಹೇಗೋ ಬಾಯಿ ತೆರೆಸಿ, ಸೂಜಿ ಚುಚ್ಚಿ, ಇಕ್ಕಳ ತೂರಿಸಿ, ಡಾಕ್ಟರು ಬಲವೆಲ್ಲ ಹಾಕಿ ಎಳೆದರು. ಟಣ್ಣೆಂದು ತಟ್ಟೆಗೆ ಬಿದ್ದ ಹಲ್ಲನ್ನು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ಕಲ್ಲಿನಂಥ ಹಲ್ಲು. ಹುಳುಕಿನ ಚುಕ್ಕೆಯೂ ಇರಲಿಲ್ಲ.

ಮೈಕಣ್ಣ ಕೈ ಬಿಡಿಸಿಕೊಂಡು ಮೇಜಿನ ಮೇಲಿದ್ದ ಪೆನ್ನಿನಿಂದ ಚೀಟಿಯೊಂದರಲ್ಲಿ ಗೀಚಿದ: 'ಎಡಗಡೆ!!'

ಡಾಕ್ಟರು ಚೀಟಿ ನೋಡಿದರು, ಬಾಗಿಲಾಚೆಯ ಟೀವಿ ನೋಡಿದರು, ಮತ್ತೆ ಚೀಟಿ ನೋಡಿದರು. "ಎಡಗಡೆಯಾ? ಟೀವೀಲಿ ಹಾಗೆ ತೋರಿಸ್ಲಿಲ್ವಲ್ಲ!"

ಅಷ್ಟರಲ್ಲಿ ಎದುರಿನ ಕಟ್ಟಡದ ತಾರಸಿಯಿಂದ ಕಿಟಕಿಯನ್ನೇ ಹಿಡಿದಿದ್ದ ಕ್ಯಾಮೆರಾ ತನ್ನ ಕೆಲಸ ಮುಗಿಸಿತ್ತು. ಡಾಕ್ಟರ ಬೆರಳ ನಡುವಿನ ಹಲ್ಲು ಟೀವಿಯ ತುಂಬ ಹೊಳೆಯಿತು. 'ಹುಳುಕೇ ಇಲ್ಲ! ಹಲ್ಲುನೋವಿನ ಕತೆ ಶುದ್ಧ ಸುಳ್ಳು! ಹೊಡೆದಿದ್ದೇ ನಿಜ!' ಎಂದಿತು ಕೆಂಪು ಚಾನೆಲ್. ಇನ್ನೊಂದು ಹಾಕಿದರೆ, 'ಇಷ್ಟು ಬಿಳಿ ಹಲ್ಲು ಅಸಲಿ ಇರಲು ಸಾಧ್ಯವೇ? ಕಟ್ಟಿಸಿದ ಹಲ್ಲು ತಂದವರು ಯಾರು?' ಎಂದಿತು ನೀಲಿ.

ಮೈಕಣ್ಣ ಎಡಗೆನ್ನೆ ತೋರಿಸಿ ಕೈ ಮುಗಿದ. ಈಗಲಾದರೂ ಅದನ್ನು ಕಿತ್ತುಬಿಡಿ ಎಂದು ಅವನ ಕಣ್ಣುಗಳು ಅಂಗಲಾಚಿದವು.

ಡಾಕ್ಟರು ಕಿಟಕಿಯ ಪರದೆ ಎಳೆದು, ದನಿ ತಗ್ಗಿಸಿದರು. "ಸ್ವಲ್ಪ ಯೋಚ್ನೆ ಮಾಡಿ. ಅದನ್ನ ಕಿತ್ತೆ ಅಂದ್ರೆ ಹುಳುಕು ಹಲ್ಲು ಹೊರಗೆ ಬರುತ್ತೆ. ಆಗ ಕೆಂಪಿನವ್ರು ಹೇಳಿದ್ದೂ ಸುಳ್ಳು ಅಂತ ಆಗುತ್ತೆ, ನೀಲಿಯವ್ರು ಹೇಳಿದ್ದೂ ಸುಳ್ಳು ಅಂತ ಆಗುತ್ತೆ. ಇಬ್ರೂ ಸೇರಿ ನನ್ನ ಮೇಲೆ ಬೀಳ್ತಾರೆ. ಎಣಿಕೆ ಮುಗೀಲಿ, ಮಾರನೇ ದಿನ ಮೊದಲ ಟೋಕನ್ ನಿಮಗೇ."

ಕಾಂಪೌಂಡರು ಅವನ ಕೈಗೆ ಹೊಸ ಟೋಕನ್ ತುರುಕಿ, ಹೊರಗೆ ಬಿಟ್ಟು, ಹತ್ತು ದಿನಕ್ಕೆ ಬಾಗಿಲು ಹಾಕಿದ. ಮೈಕಣ್ಣ ಎರಡೂ ಕೈಯಲ್ಲಿ ಎರಡೂ ಕೆನ್ನೆ ಹಿಡಿದುಕೊಂಡು ಮೆಟ್ಟಿಲಿಳಿದ. ಕೆಳಗೆ ಒಂದು ಕೆಂಪು, ಒಂದು ನೀಲಿ ಮೈಕು ಅವನಿಗಾಗಿ ಕಾಯುತ್ತಿದ್ದವು.

"ಈಗ ಹೇಗನ್ನಿಸ್ತಿದೆ ಸಾರ್?"