ಹಗೇವಿನ ಎಂ.ಎ.

ಎಲ್ಲಕ್ಕೂ ಮೂಲ ಒಂದು ಕಾರ್ಡು. ಲಕೋಟೆಯಲ್ಲಿ ಹಾಕಿ ಕಳಿಸಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ಯುನಿವರ್ಸಿಟಿಯ ಪ್ರೊಫೆಸರರು ಕಾಗದ ಉಳಿಸುವ ಮನುಷ್ಯರು, ಅದರಲ್ಲೂ ಯುದ್ಧದ ಕಾಲ. "ನಿಮ್ಮೂರಿನ ಹಗೇವುಗಳನ್ನು ನೋಡಲು ಮಂಗಳವಾರ ಬರುತ್ತೇನೆ. ಎಲ್ಲವನ್ನೂ ತೋರಿಸಲು ಸಿದ್ಧರಾಗಿರಿ" ಎಂದು ಬರೆದು, ಹಿರೇಬೆಂಡಿಗೇರಿಯ ಕರಬಸಪ್ಪ ಮಾಸ್ತರರ ಹೆಸರಿಗೆ ಹಾಕಿಬಿಟ್ಟರು.

ಟಪಾಲಿನ ಖಾದರಸಾಬ ಕಾರ್ಡು ಓದದೆ ಯಾರ ಕೈಗೂ ಕೊಟ್ಟವನಲ್ಲ. ಅದರಲ್ಲಿ ಕೆಟ್ಟ ಬುದ್ಧಿ ಏನಿಲ್ಲ. ಸಾವಿನ ಸುದ್ದಿ ಇದ್ದರೆ ಮನೆಯವರನ್ನು ಮೊದಲು ಕೂಡಿಸಿ, ನೀರು ಕುಡಿಸಿ, ಆಮೇಲೆ ಕಾರ್ಡು ಕೊಡುವಷ್ಟು ಅಂತಃಕರಣದವನು. ಮಂಗಳವಾರ ಮುಂಜಾನೆಯೇ ಬಂದ ಈ ಕಾರ್ಡನ್ನು ಓದಿ ಅವನು ತಾನೇ ನೀರು ಕುಡಿದ. ಮಾಸ್ತರರ ಮನೆ ಮುಟ್ಟುವುದರೊಳಗೆ ದಾರಿಯ ಹನ್ನೊಂದು ಮನೆಗಳಿಗೆ ಹೇಳಿದ್ದ.

ಹಗೇವು ಅಂದರೆ ಜೋಳ ತುಂಬುವ ನೆಲದ ಕಣಜ. ಒಬ್ಬ ಮನುಷ್ಯ ಇಳಿಯುವಷ್ಟು ಬಾಯಿ, ಕೆಳಗೆ ಗುಡಾಣದಂತೆ ಹೊಟ್ಟೆ. ಬಾಯಿಗೆ ಚಪ್ಪಡಿ ಹಾಕಿ, ಮಣ್ಣು ಮೆತ್ತಿ, ನೆಲ ಸಮ ಮಾಡಿಬಿಟ್ಟರೆ ಮೇಲೆ ನಿಂತವನಿಗೂ ಕೆಳಗೆ ಏನಿದೆ ಎಂದು ಗೊತ್ತಾಗದು. ಸರಕಾರ ಊರೂರಿಗೆ ಬಂದು ಲೆವಿಯೆಂದು ಜೋಳ ಎತ್ತಿಕೊಂಡು ಹೋಗುತ್ತಿದ್ದ ಆ ವರ್ಷದಲ್ಲಿ ಹಗೇವು ಎಂಬ ಶಬ್ದವನ್ನು ಗಂಡ ಹೆಂಡಿರು ಕೂಡ ಬಾಗಿಲು ಹಾಕಿಕೊಂಡೇ ಆಡುತ್ತಿದ್ದರು. ಅಂಥ ಹೊತ್ತಿನಲ್ಲಿ, ಎಲ್ಲವನ್ನೂ ತೋರಿಸಲು ಸಿದ್ಧರಾಗಿರಿ ಎಂಬ ಕಾರ್ಡು.

ಮಾಸ್ತರರದು ಪಾಪ, ಬೇರೆಯೇ ಕನಸು. ಶಿಗ್ಗಾವಿಯ ಶಾಲೆಯಲ್ಲಿ ಕಲಿಸುತ್ತಿದ್ದ ಬಿ.ಎ. ಆದ ಮನುಷ್ಯ. ಚಿಕ್ಕವನಿದ್ದಾಗ ಅಪ್ಪ ಸೊಂಟಕ್ಕೆ ಹಗ್ಗ ಕಟ್ಟಿ ಹಗೇವಿನೊಳಗೆ ಇಳಿಸಿದ್ದ. ಆ ಕತ್ತಲೆಯ ಬೆಚ್ಚನೆಯ ಜೋಳದ ವಾಸನೆ ಇಂದಿಗೂ ಮೂಗಿನಲ್ಲಿತ್ತು. ಮೂರು ಮಳೆಗಾಲ ಕಳೆದರೂ ಕಾಳಿಗೆ ಹುಳ ಹಿಡಿಯದ ಈ ವಿದ್ಯೆಯನ್ನು ಯಾರೋ ಓದು ಬರಹ ಇಲ್ಲದವರು ಕಂಡುಹಿಡಿದಿದ್ದಾರಲ್ಲ ಎಂಬ ಬೆರಗು ಅವರಿಗೆ ಇಳಿದೇ ಇರಲಿಲ್ಲ. ಎಂ.ಎ. ಮಾಡಿದರೆ ಇದರಲ್ಲೇ ಎಂದು ಹಟ ಹಿಡಿದರು.

ಕೃಷಿ ವಿಭಾಗಕ್ಕೆ ಬರೆದರು. ಕಾಳು ಹೊಲದಲ್ಲಿರುವ ತನಕ ನಮ್ಮದು, ನೆಲದೊಳಗೆ ಹೋದದ್ದು ನಮ್ಮದಲ್ಲ ಎಂದು ಉತ್ತರ ಬಂತು. ಭೂಗರ್ಭ ಶಾಸ್ತ್ರದವರು ನೆಲ ನಮ್ಮದು, ತೂತು ನಮ್ಮದಲ್ಲ ಎಂದರು. ಇನ್ನೂ ಬಳಕೆಯಲ್ಲಿರುವುದು ಇತಿಹಾಸವಾಗದು ಎಂದು ಇತಿಹಾಸದವರು ಕೈ ತೊಳೆದುಕೊಂಡರು. ಕೊನೆಗೆ ನಿಯಮಗಳ ಪುಸ್ತಕದಲ್ಲಿ ಏಳನೆಯ ನಿಯಮ ಸಿಕ್ಕಿತು. ಯಾವ ವಿಭಾಗದಲ್ಲೂ ಇಲ್ಲದ ವಿಷಯವನ್ನು ಅಭ್ಯಾಸ ಮಾಡಬಯಸುವವನು ತನ್ನ ಪಾಠಕ್ರಮವನ್ನು ತಾನೇ ಕಟ್ಟಿಕೊಳ್ಳಬಹುದು. ವಿಷಯ ಬಲ್ಲ ಒಬ್ಬನ ಸಹಿ ಬೇಕು, ವಿಷಯ ಇದೆಯೆಂದು ಪ್ರೊಫೆಸರರೊಬ್ಬರು ಕಣ್ಣಾರೆ ನೋಡಬೇಕು, ಬಿ.ಎ. ಆಗಿ ಹತ್ತು ವರ್ಷ ಮೀರಿರಬಾರದು. ಅದನ್ನು ಓದಿ ಮಾಸ್ತರರು ಪುಸ್ತಕಕ್ಕೆ ಕೈ ಮುಗಿದರು. ನಿನಗೆ ಬೇಕಾದದ್ದನ್ನು ನೀನೇ ಕಲಿ ಎನ್ನುವ ದೊಡ್ಡ ಮನಸ್ಸು ಒಂದು ಕಚೇರಿಗೆ ಇದೆಯಲ್ಲ ಎಂದು ಅವರಿಗೆ ಕಣ್ಣು ತುಂಬಿತ್ತು. ಅವರು ಬಿ.ಎ. ಆಗಿ ಅದು ಹತ್ತನೆಯ ವರ್ಷ. ಇಂದು ತಪ್ಪಿದರೆ ಎಂದೆಂದಿಗೂ ತಪ್ಪಿದಂತೆ.

ಕಾರ್ಡು ಕೈಗೆ ಬರುವಷ್ಟರಲ್ಲಿ ಅಂಗಳದಲ್ಲಿ ಅರ್ಧ ಊರು ನಿಂತಿತ್ತು. ಮುಂದೆ ಶಿದ್ಲಿಂಗಪ್ಪಗೌಡರು. ಬರುವವರು ಲೆವಿಯವರಲ್ಲ, ಎಂ.ಎ.ಯ ಸಲುವಾಗಿ ಬರುವವರು ಎಂದು ಮಾಸ್ತರರು ಪರಿಪರಿಯಾಗಿ ಬಿಡಿಸಿ ಹೇಳಿದರು.

"ಆತು. ಅವರದು ಯಾವ ಖಾತೇರಿ?" ಎಂದು ಗೌಡರು ಕೇಳಿದರು.

"ಯಾವ ಖಾತೇಕ್ಕೂ ಸೇರಿದ್ದಲ್ಲರಿ ಗೌಡ್ರ. ಅದಕ್ಕ ಏಳನೇ ನಿಯಮ ಅಂತ ಬ್ಯಾರೇನ ಐತಿ."

ಗೌಡರು ಜನರ ಕಡೆ ತಿರುಗಿ, ಖಾತೆ ಇಲ್ಲದ ಸಾಹೇಬ ಅಂದರೆ ಎಲ್ಲ ಖಾತೆಗಳಿಗಿಂತ ಮೇಲಿನವನೇ ಇರಬೇಕು ಎಂದರು.

ಸಹಿ ಹಾಕಬೇಕಾದವನು ಬೀರಪ್ಪಜ್ಜ. ಊರಿನ ಹಗೇವುಗಳಲ್ಲಿ ಮುಕ್ಕಾಲು ಪಾಲು ಅವನೇ ತೋಡಿದವು. ಹೆಬ್ಬೆಟ್ಟು ಒತ್ತಲು ಹೋದ ವಾರ ಒಪ್ಪಿದ್ದವನು ಈಗ ಬೆರಳನ್ನು ಕಂಬಳಿಯೊಳಗೆ ಬಚ್ಚಿಟ್ಟುಕೊಂಡ. ಹಗೇವು ನನಗೆ ಗೊತ್ತು ಎಂದು ಕಾಗದದ ಮೇಲೆ ಒತ್ತುವುದೂ ಒಂದೇ, ಊರ ಹೊಟ್ಟೆಯ ಮೇಲೆ ಒತ್ತುವುದೂ ಒಂದೇ ಎಂದ. ಆಮೇಲೆ ಸೇನಾಪತಿಯಂತೆ ಓಣಿಗೆ ಇಳಿದ.

ಮುಂದಿನ ಎರಡು ತಾಸಿನಲ್ಲಿ ಆ ಮುದುಕ ಮಾಡಿದ ಕೆಲಸ ನೋಡಿದ್ದರೆ ಯಾರಾದರೂ ತಲೆದೂಗಬೇಕು. ಒಂದು ಹಗೇವಿನ ಮೇಲೆ ಕಣಿಕೆಯ ಬಣವೆ ಎದ್ದಿತು. ಇನ್ನೊಂದರ ಮೇಲೆ ನಾಲ್ಕು ಎಮ್ಮೆ ಕಟ್ಟಿದರು. ನಡು ಓಣಿಯ ಹಗೇವಿನ ಮೇಲೆ ಹೊರಸು ಹಾಕಿಸಿ, ಗಟ್ಟಿಮುಟ್ಟಾಗಿದ್ದ ಮುದಕವ್ವನಿಗೆ ಜ್ವರ ಬರಿಸಿ ಮಲಗಿಸಿದ. ಮಾಸ್ತರರ ತಾಯಿ ಹೊನ್ನವ್ವನಂತೂ ಮಗನ ಮುಖ ನೋಡದೆ, ಅಂಗಳದ ಹಗೇವಿನ ಮೇಲೆಯೇ ಮೂರು ಕಲ್ಲು ಹೂಡಿ ಬಿಸಿಲಲ್ಲಿ ರೊಟ್ಟಿ ಬಡಿಯಲು ಕುಳಿತಳು. ಆ ಹಗೇವಿನಲ್ಲಿ ಅವರ ಮನೆಯದಲ್ಲದೆ ಓಣಿಯ ಐದು ಬಡ ಮನೆಗಳ ಬೀಜದ ಜೋಳವೂ ಇತ್ತು.

ಪ್ರೊಫೆಸರರು ಶಿಗ್ಗಾವಿಯಿಂದ ಚಕ್ಕಡಿಯಲ್ಲಿ ಬಂದಿಳಿದರು. ಧೋತರ, ಕರಿ ಕೋಟು, ಕೈಯಲ್ಲಿ ದಪ್ಪನೆಯ ಬೆತ್ತ. ಆ ಬೆತ್ತವನ್ನು ನೋಡಿದ್ದೇ ಬೀರಪ್ಪಜ್ಜನ ಮುಖ ಕಪ್ಪಿಟ್ಟಿತು. ಪೊಳ್ಳು ನೆಲಕ್ಕೆ ಕೋಲು ಬಿದ್ದರೆ ಬರುವ ಸದ್ದು ಅವನಿಗೆ ಗೊತ್ತು. ಕೂಡಲೇ ಭಜನೆಯವರನ್ನು ಕರೆಸಿದ. ಪ್ರೊಫೆಸರರು ಹೋದಲ್ಲೆಲ್ಲ ತಾಳ, ದಮ್ಮಡಿ ಹಿಡಿದ ಎಂಟು ಮಂದಿ ಹಿಂದೆಯೇ ಹೋದರು. ಬೆತ್ತ ಊರಿದಾಗಲೆಲ್ಲ ದಮ್ಮಡಿ ಬಿತ್ತು. ಇಷ್ಟು ಭಕ್ತಿ ಯಾವ ಊರಲ್ಲೂ ಕಂಡಿರಲಿಲ್ಲ ಎಂದು ಪ್ರೊಫೆಸರರು ಮಾಸ್ತರರ ಕಿವಿಯಲ್ಲಿ ಕೂಗಿ ಹೇಳಬೇಕಾಯಿತು.

ಕೇಳಿದವರೆಲ್ಲ ಒಂದೇ ಮಾತು. ಹಗೇವು ಎಂಬುದರ ಹೆಸರನ್ನೇ ಕೇಳಿಲ್ಲ ಎಂದರು ಗೌಡರು. ತಾನು ಕುರಿ ಕಾಯುವವನು, ಮಣ್ಣಿನ ವಿಷಯ ತಿಳಿಯದು ಎಂದ ಬೀರಪ್ಪಜ್ಜ. ಬಣವೆ ಸರಿಸಲು ಹೇಳಿದರೆ ಅದರಲ್ಲಿ ಹಾವಿದೆ ಎಂದರು. ಮುದಕವ್ವನ ಹೊರಸಿನ ಹತ್ತಿರ ನಿಂತಾಗ ಅವಳು ಎಷ್ಟು ಚೆನ್ನಾಗಿ ನರಳಿದಳೆಂದರೆ, ಪ್ರೊಫೆಸರರು ಕೋಟಿನ ಕಿಸೆಯಿಂದ ಗುಳಿಗೆ ತೆಗೆದು ಕೊಟ್ಟರು. ಪಾಪ, ಆಕೆ ಅದನ್ನು ಅಲ್ಲಿಯೇ ನುಂಗಬೇಕಾಯಿತು.

ಮಾಸ್ತರರ ಅಂಗಿ ಬೆವರಿನಿಂದ ತೊಯ್ದು ಹೋಗಿತ್ತು. ಸುತ್ತಿ ಸುತ್ತಿ ಕೊನೆಗೆ ಅವರ ಮನೆಗೇ ಬಂದರು. ಪ್ರೊಫೆಸರರು ಕಟ್ಟೆಯ ಮೇಲೆ ಕುಳಿತು, ಹೊನ್ನವ್ವ ಕೊಟ್ಟ ಬಿಸಿ ರೊಟ್ಟಿ ತಿಂದು, ಭಜನೆಯವರಿಗೆ ಸಾಕು ಎಂದು ಕೈ ಮಾಡಿ ಕಾಗದ ತೆಗೆದರು.

"ಮಾಸ್ತರ, ಒಂದ ಹಗೇವ ಇದ್ರ ಸಾಕು, ನಾ ಸಹಿ ಮಾಡ್ತೇನಿ. ಇಲ್ಲಂದ್ರ ವಿಷಯನ ಇಲ್ಲ ಅಂತ ಬರೀಬೇಕಾಕ್ಕೈತಿ. ನಿಮ್ಮ ಮನ್ಯಾಗರ ಐತೇನು, ಹೇಳ್ರಿ."

ಹೊನ್ನವ್ವನ ರೊಟ್ಟಿ ಹಂಚಿನ ಮೇಲೆ ಸೀಯುತ್ತಿತ್ತು. ಮಾಸ್ತರರಿಗೆ ಹತ್ತು ವರ್ಷ ಕಣ್ಣ ಮುಂದೆ ಬಂತು, ಮೂರು ವಿಭಾಗಗಳ ಪತ್ರಗಳು ಬಂದವು.

"ಇಲ್ಲರಿ," ಎಂದರು. "ನಮ್ಮ ಮನ್ಯಾಗೂ ಇಲ್ಲ."

ಪ್ರೊಫೆಸರರು ಹೊಟ್ಟೆ ಹಿಡಿದುಕೊಂಡು ನಕ್ಕರು.

"ನಾ ಚಿಕ್ಕೇರೂರಿನ ಒಕ್ಕಲಿಗರ ಮನೀ ಮಗಾರಿ. ಬರೋಬರಿ ಹದಿನೇಳು ಎಣಿಸೇನಿ. ಜ್ವರ ಬಂದ ಮುದುಕೀನ ಯಾರರ ನಡು ಬಿಸಲಾಗ ಮಲಗಸ್ತಾರೇನು?"

ಅವರೇ ಮುಂದುವರಿಸಿ, ತಾವು ಲೆವಿಯವರಲ್ಲ, ನೋಡಿದ್ದನ್ನು ಯಾರಿಗೂ ಹೇಳುವವರೂ ಅಲ್ಲ ಎಂದರು. ಒಂದು ಊರು ತನ್ನ ವಿದ್ಯೆಯನ್ನು ಹೀಗೆ ಕಾಯುವುದನ್ನು ಕಂಡು ತಮ್ಮ ಮೂವತ್ತು ವರ್ಷದ ಪಾಠ ಸಣ್ಣದೆನಿಸಿತು ಎಂದರು. ಎಂ.ಎ. ಬಿಟ್ಟುಕೊಟ್ಟು ನೆರೆಯವರ ಜೋಳ ಉಳಿಸುವ ವಿದ್ಯಾರ್ಥಿ ತಮಗೆ ಇನ್ನೊಬ್ಬ ಸಿಗಲಾರ ಎಂದೂ ಹೇಳಿದರು. "ವಿಷಯ ಇದೆ; ಯಾವ ವಿಭಾಗವೂ ಇದನ್ನು ಕಲಿಸಲಾರದು" ಎಂದು ಬರೆದು ಸಹಿ ಮಾಡಿದರು. ಬೀರಪ್ಪಜ್ಜ ಕಂಬಳಿಯಿಂದ ಬೆರಳು ತೆಗೆದು, ಮಸಿಯಲ್ಲಿ ಅದ್ದಿ, ಕಣ್ಣೊರೆಸಿಕೊಳ್ಳುತ್ತ ಒತ್ತಿದ. ಮುಖದ ತುಂಬ ಮಸಿಯಾಯಿತು.

ಹೋಗುವ ಮುಂದೆ ಪ್ರೊಫೆಸರರು ಮಾಸ್ತರರ ಕೈಗೆ ಮೊಹರು ಮಾಡಿದ ಒಂದು ಲಕೋಟೆ ಕೊಟ್ಟರು. ಒಪ್ಪಿಗೆ ಸಿಕ್ಕವರಿಗೆ ಮಾತ್ರ ಕೊಡುವ ಹಾಳೆಯಂತೆ. ಏಳನೆಯ ನಿಯಮದಲ್ಲಿ ಈ ತನಕ ಯಾರೂ ಪಾರಾಗಿರದ ಕಾರಣ ಅದರಲ್ಲಿ ಏನಿದೆಯೆಂದು ಅವರೂ ಓದಿರಲಿಲ್ಲ.

ಚಕ್ಕಡಿ ಮರೆಯಾದ ಮೇಲೆ ಮಾಸ್ತರರು ಅದನ್ನು ಒಡೆದು ಓದಿದರು. ಯಾವ ವಿಭಾಗಕ್ಕೂ ಸೇರದ ಪ್ರಬಂಧವನ್ನು ಇಡಲು ಯುನಿವರ್ಸಿಟಿಯಲ್ಲಿ ಕಪಾಟು ಇರುವುದಿಲ್ಲವಾದ್ದರಿಂದ, ಬರೆದ ಪುಟಗಳನ್ನೆಲ್ಲ ಮೂರು ತಿಂಗಳಿಗೊಮ್ಮೆ ಆ ವಿಷಯಕ್ಕೆ ಸಂಬಂಧಪಟ್ಟ ಸರಕಾರಿ ಕಚೇರಿಗೆ ಕಳಿಸತಕ್ಕದ್ದು. ಜೊತೆಗೆ ಸ್ಥಳದ ನಕಾಶೆ, ಮಾಲಕರ ಹೆಸರು. ಒಮ್ಮೆ ಒಪ್ಪಿಗೆಯಾದ ವಿಷಯವನ್ನು ಬದಲಿಸಲು ಬರುವುದಿಲ್ಲ. ಜೋಳಕ್ಕೆ ಸಂಬಂಧಪಟ್ಟ ಸರಕಾರಿ ಕಚೇರಿ ಆ ವರ್ಷ ಒಂದೇ ಇತ್ತು, ಅದು ಲೆವಿಯ ಕಚೇರಿ. ಮಾಸ್ತರರು ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಒಳಕಿಸೆಯಲ್ಲಿ ಇಟ್ಟುಕೊಂಡರು.

ಅಷ್ಟರಲ್ಲಿ ಅಂಗಳ ಮತ್ತೆ ತುಂಬಿತ್ತು. ಊರಿಗೆ ಊರೇ ಬಾಯಿ ಬಿಟ್ಟಿತ್ತು. ಪುಸ್ತಕದಲ್ಲಿ ತಮ್ಮ ಹಗೇವು ಮೊದಲು ಬರಬೇಕು, ಅಜ್ಜನ ಕಾಲದ್ದು ಎಂದು ಗೌಡರು. ತನ್ನದು ಸಣ್ಣದಾದರೂ ಒಂದು ಕಾಳೂ ಮುಗ್ಗಿಲ್ಲ ಎಂದು ಮುದಕವ್ವ, ಗುಳಿಗೆಯ ಕಹಿಯನ್ನು ಉಗುಳುತ್ತ. ಎಲ್ಲರನ್ನೂ ಹಿಂದೆ ಸರಿಸಿ ಬೀರಪ್ಪಜ್ಜ ಮುಂದೆ ಬಂದು ಕುಳಿತ. ತಂದೆ ಹೇಳಿಕೊಟ್ಟದ್ದನ್ನು ಐವತ್ತು ವರ್ಷ ಯಾರಿಗೂ ಹೇಳಿರಲಿಲ್ಲ, ಈಗ ಕೇಳುವವನು ಸಿಕ್ಕಿದ ಎಂದ. ಆ ಮುಖ ನೋಡಿ ಹಾಳೆಯ ಸುದ್ದಿ ಹೇಳಲು ಮಾಸ್ತರರಿಗೆ ಬಾಯಿ ಬರಲಿಲ್ಲ. ಒಳಗೆ ಹೋಗಿ, ಕಾಗದ ಮುಟ್ಟದೆ, ಶಾಲೆಯ ಪಾಟಿಯೊಂದನ್ನೂ ಬಳಪವನ್ನೂ ತಂದರು.

ಕರಿ ಎರಿಮಣ್ಣು ಬೇಡ, ಹರಳಿನ ಗರಸು ಮಣ್ಣೇ ಆಗಬೇಕು. ತೋಡಿದ ಮೇಲೆ ಸಗಣಿಯ ಕುಳ್ಳು ಸುಟ್ಟು ಗೋಡೆ ಕಾಯಿಸಬೇಕು. ಇಳಿಯುವ ಮೊದಲು ದೀಪ ಬಿಡಬೇಕು, ದೀಪ ಆರಿದರೆ ಮನುಷ್ಯ ಇಳಿಯಬಾರದು. ಮುದುಕ ಹೇಳಿದ್ದನ್ನೆಲ್ಲ ಮಾಸ್ತರರು ಒಂದಕ್ಷರ ಬಿಡದೆ ಬರೆದರು. ಇಂಥದ್ದು ಯಾವ ಪುಸ್ತಕದಲ್ಲೂ ಇರಲಿಲ್ಲ, ಅವರ ಮೈ ಜುಮ್ಮೆಂದಿತು. ಪಾಟಿ ತುಂಬಿತು. ಅದನ್ನು ಕಣ್ಣು ಮುಚ್ಚಿ ಎರಡು ಸಲ ಬಾಯಿಪಾಠ ಹೇಳಿಕೊಂಡು, ಒದ್ದೆ ಅರಿವೆಯಿಂದ ಒರೆಸಿಬಿಟ್ಟರು.

"ಯಾಕ ಒರಸಿದ್ರಿ ಮಾಸ್ತರ?" ಎಂದ ಬೀರಪ್ಪಜ್ಜ ಗಾಬರಿಯಾಗಿ.

"ಜಾಗಾ ಸಾಲವಲ್ದು ಅಜ್ಜ," ಎಂದರು ಮಾಸ್ತರರು. "ಮುಂದ ಹೇಳು."