ಸಾಸಿವೆಯಷ್ಟು ಸೆನ್ಸರಿಗೆ ಒಂಬತ್ತು ಹೆಸರು

ತಿಕೋಟಾದ ಒಣದ್ರಾಕ್ಷಿ ಬೆಳೆಗಾರರ ಸಂಘದ ಕೋಲ್ಡ್ ಸ್ಟೋರೇಜಿನಲ್ಲಿ ತೇವ ಇರುವುದಿಲ್ಲವೆಂದು ಸರ್ವರ ಗಮನಕ್ಕೆ ತರಲಾಗಿದೆ. ಅಲ್ಲಿಂದ ಬರುತ್ತಿರುವ ಹುಳಿ ವಾಸನೆಗೂ ತೇವಕ್ಕೂ ಯಾವುದೇ ಸಂಬಂಧ ಕಲ್ಪಿಸತಕ್ಕದ್ದಲ್ಲ.

ಈ ಪ್ರಗತಿಗೆ ಕಾರಣಕರ್ತ ಇಮ್ರಾನ. ವಿಜಯಪುರದ ಸೊಲ್ಲಾಪುರ ರಸ್ತೆಯಲ್ಲಿ ಅವನದೊಂದು ವರ್ಕ್‌ಶಾಪು. ಗಾಳಿಯ ತೇವ ಅಳೆಯುವ ಸೆನ್ಸರನ್ನು ವರ್ಷಗಟ್ಟಲೆ ಕುಗ್ಗಿಸುತ್ತ ಬಂದು, ಬೆಂಕಿಪೊಟ್ಟಣದಷ್ಟಿದ್ದುದನ್ನು ಸಾಸಿವೆಯಷ್ಟಕ್ಕೆ ತಂದು ನಿಲ್ಲಿಸಿದ್ದ. ದ್ರಾಕ್ಷಿ ಬಾಕ್ಸುಗಳ ಸಂದಿಯಲ್ಲಿ ಕೂತು, ತೇವ ಏರಿದರೆ ಗೋಡೆಯ ಪರದೆಯನ್ನು ಕೆಂಪು ಮಾಡುವುದು, ಇಲ್ಲದಿದ್ದರೆ ಹಸಿರು ಇಡುವುದು ಅದರ ಕೆಲಸ. ಆ ಬಾಕ್ಸುಗಳಲ್ಲಿ ಅವನ ತಾಯಿ ಮದೀನಾಬಿಯ ಇಡೀ ವರ್ಷದ ಬೆಳೆಯೂ ಇತ್ತು. ಹಾಗಾಗಿ ಸಂಘಕ್ಕೆ ಅದನ್ನು ಪುಕ್ಕಟೆಯಾಗಿ ಕೊಟ್ಟ.

ಪರೀಕ್ಷೆಗೆಂದು ಇಟ್ಟ ದಿನವೇ ಪರದೆ ಕೆಂಪಾಯಿತು. ಬಾಗಿಲಿನ ರಬ್ಬರು ಹರಿದು ಹೊರಗಿನ ಗಾಳಿ ಒಳಗೆ ನುಗ್ಗುತ್ತಿತ್ತು.

"ಅಧ್ಯಕ್ಷರ, ಮೊದಲ ರಬ್ಬರ ಬದಲಿಸ್ರಿ," ಎಂದ ಇಮ್ರಾನ.

ಅಧ್ಯಕ್ಷ ಗೊಲ್ಲಾಳಪ್ಪನವರು ಸೆನ್ಸರನ್ನು ಅಂಗೈಯಲ್ಲಿಟ್ಟುಕೊಂಡು ಕನ್ನಡಕ ಏರಿಸಿ, ಇಳಿಸಿ ನೋಡಿದರು. "ರಬ್ಬರಿಂದು ಆಮ್ಯಾಲ ನೋಡೂಣು ತಮ್ಮಾ. ಇದರ ಮ್ಯಾಲ ಹೆಸರು ಎಲ್ಲಿ ಬರಸೂದು?"

ಪ್ರಶ್ನೆ ಸಮಂಜಸವಾಗಿತ್ತು. ಸಂಘದಲ್ಲಿ ಫ್ಯಾನಿನ ರೆಕ್ಕೆಯಿಂದ ಹಿಡಿದು ನೀರಿನ ಲೋಟದವರೆಗೆ ನಿರ್ದೇಶಕರ ಹೆಸರಿಲ್ಲದ ವಸ್ತು ಒಂದೂ ಇಲ್ಲ. ಟ್ಯೂಬ್‌ಲೈಟಿನ ಮೇಲೆ ಒಂಬತ್ತೂ ನಿರ್ದೇಶಕರ ಹೆಸರು ಕೂತು, ಬೆಳಕು ಹೊರಬರಲು ಜಾಗ ಹುಡುಕುತ್ತಿದೆ. ಹೆಸರಿಲ್ಲದ್ದನ್ನು ಬಳಸಕೂಡದೆಂಬುದು ಹಿರಿಯರು ಮಾಡಿದ ನಿಯಮ.

ಬಬಲೇಶ್ವರದಿಂದ ಪೇಂಟರ್ ಯಲ್ಲಾಲಿಂಗನನ್ನು ಕರೆಸಲಾಯಿತು. ಅವನು ಸೆನ್ಸರನ್ನೂ ತನ್ನ ಬ್ರಷ್ಷನ್ನೂ ನೋಡಿ, "ಇದಕ್ಕ ಒಂದ ಚುಕ್ಕಿ ಇಡಬಹುದ್ರಿ. ಚುಕ್ಕಿ ಯಾರದಂತ ನೀವ ಠರಾಯಿಸ್ರಿ," ಎಂದ. ಚುಕ್ಕೆ ಯಾರದೆಂಬ ಚರ್ಚೆಯಲ್ಲಿ ಒಂದು ಕುರ್ಚಿ ಮುರಿಯಿತು. ಅದರ ಮೇಲೆ ಉಪಾಧ್ಯಕ್ಷರ ಹೆಸರಿತ್ತು. ಕೊನೆಗೆ ಸೆನ್ಸರನ್ನು ಬಾಗಿಲಗಲದ ಹಲಗೆಗೆ ಅಂಟಿಸಿ, ಹಲಗೆಯ ಮೇಲೆ ಎಲ್ಲರ ಹೆಸರು ಬರೆಸುವುದೆಂದು ಸರ್ವಾನುಮತದಿಂದ ತೀರ್ಮಾನವಾಯಿತು.

ಹಲಗೆ ಒಳಗೆ ಹೋಯಿತು. ಪರದೆ ಕೆಂಪಾಗಿಯೇ ಇತ್ತು. ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಆದರೆ ತೇವಕ್ಕೆ ಬಣ್ಣ ಉಬ್ಬಿ ಅಧ್ಯಕ್ಷರ ಹೆಸರು ಅರ್ಧ ಉದುರಿದಾಗ ಸಂಘಕ್ಕೆ ಮೊದಲ ಬಾರಿಗೆ ಗಾಬರಿಯಾಯಿತು. ತೇವದ ಹಾವಳಿಯನ್ನು ಇನ್ನು ಸಹಿಸಲಾಗದೆಂದು ತುರ್ತು ಠರಾವು ಪಾಸಾಗಿ, ಹಲಗೆಗೆ ಗಾಜಿನ ಕಪಾಟು ಬಂತು. ಗಾಳಿಯಾಡದಂತೆ ಅದರ ಅಂಚಿಗೆಲ್ಲ ಹೊಸ ರಬ್ಬರು ಹಾಕಲಾಯಿತು.

"ಅದ ರಬ್ಬರ ಬಾಗಲಕ್ಕ ಹಾಕ್ರಿ!" ಇಮ್ರಾನನಿಗೆ ಅಳುವೇ ಬಂದಿತ್ತು. "ಸೆನ್ಸರ ಗಾಜಿನಾಗ ಕುಂತ್ರ ಹೊರಗಿನ ತೇವ ಅದಕ್ಕ ಹೆಂಗ ಗೊತ್ತಾಗಬೇಕ್ರಿ? ನಮ್ಮಮ್ಮನ ಮಾಲ ಕೊಳ್ಯಾಕತ್ತೈತಿ."

"ಪರದಿ ನೋಡಪಾ. ಹಸಿರು ಬಂದೈತಿ," ಎಂದರು ಅಧ್ಯಕ್ಷರು. "ನೀ ಮಾಡಿದ ಮಷಿನ್ ಮ್ಯಾಲ ನಿನಗ ನಂಬಿಕಿ ಇಲ್ಲೇನು?"

ಇಮ್ರಾನ ಪರದೆ ನೋಡಿದ. ಸೆನ್ಸರು ಸುಳ್ಳು ಹೇಳುತ್ತಿರಲಿಲ್ಲ. ಕಪಾಟಿನೊಳಗೆ ನಿಜಕ್ಕೂ ತೇವವಿರಲಿಲ್ಲ.

ಉದ್ಘಾಟನೆ ಅದ್ದೂರಿಯಾಗಿ ನಡೆಯಿತು. ಕಪಾಟಿಗೆ ಹಾರ ಹಾಕಿದ ಮುಖ್ಯ ಅತಿಥಿಗಳು, ಇಷ್ಟು ದೊಡ್ಡ ಸೂಕ್ಷ್ಮ ಉಪಕರಣವನ್ನು ತಾವು ಎಲ್ಲಿಯೂ ಕಂಡಿಲ್ಲವೆಂದು ಶ್ಲಾಘಿಸಿದರು. ತೊರವಿ ಊರಿನ ಸಂಘದವರು ತಮಗೆ ಇದಕ್ಕಿಂತ ದೊಡ್ಡದು ಬೇಕೆಂದು ವೇದಿಕೆಯಲ್ಲೇ ಆರ್ಡರು ಕೊಟ್ಟರು. ಇಮ್ರಾನನಿಗೆ ಶಾಲು ಹೊದಿಸಲಾಯಿತು.

ಬಳಿಕ ಮದೀನಾಬಿಯ ಬಾಕ್ಸು ಒಡೆದು ಎಲ್ಲರಿಗೂ ದ್ರಾಕ್ಷಿ ಹಂಚಿದರು. ಕಪ್ಪಗೆ, ಅಂಟಂಟಾಗಿ, ಹುಳಿ ನಾರುತ್ತಿತ್ತು. ಜನ ಮೊದಲು ಪರದೆ ನೋಡಿದರು, ಆಮೇಲೆ ಬಾಯಿಗೆ ಹಾಕಿಕೊಂಡರು. "ಚಲೋ ಅದಾವ," ಎಂದರು ಅಧ್ಯಕ್ಷರು. "ಭಾಳ ಚಲೋ ಅದಾವ್ರಿ," ಎಂದರು ಉಳಿದವರು.

ಹೆಂಗಸರ ಸಾಲಿನಲ್ಲಿ ಮದೀನಾಬಿ ಬಾಯಲ್ಲಿಟ್ಟದ್ದನ್ನು ನುಂಗಲಾರದೆ, ಉಗುಳಲಾರದೆ, ಮಗನ ಮುಖವನ್ನೇ ನೋಡುತ್ತಿದ್ದಳು.

"ಕೆಟ್ಟಾವೇನ ಬೇಟಾ?"

ಸಭೆಯೆಲ್ಲ ಅವನ ಕಡೆ ತಿರುಗಿತು. ಇಮ್ರಾನ ಹೆಗಲ ಮೇಲಿನ ಶಾಲನ್ನು ಸರಿಮಾಡಿಕೊಂಡ.

"ಹಸಿರು ಐತಿ, ಅಮ್ಮಾ."

ಮದೀನಾಬಿಯೂ ಪರದೆಯ ಕಡೆ ನೋಡಿ ನುಂಗಿದಳು.