ನೀರು ಸೀಳುವ ಡಬ್ಬಿಗೆ ನಾನು ಹಾಕಿದ ಶುದ್ಧ ನೀರು

ಕೊಳೆ ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಇದು ಗುಣವೋ ರೋಗವೋ ಇನ್ನೂ ತೀರ್ಮಾನವಾಗಿಲ್ಲ. ಬಸ್ಸಿನ ಸೀಟನ್ನೂ ಸೆರಗಿನಿಂದ ಒರೆಸಿ ಕೂರುವವಳು ನಾನು. ಒಮ್ಮೆ ನೆಂಟರ ಮನೆಯಲ್ಲಿ ಕಾಫಿ ಲೋಟ ತೊಳೆಯಲು ಹೋಗಿ, ಅವರು ಹೆಪ್ಪಿಗೆಂದು ಉಳಿಸಿಟ್ಟಿದ್ದ ಮೊಸರಿನ ಪಾತ್ರೆಯನ್ನೂ ಫಳಫಳ ತೊಳೆದಿಟ್ಟು ಬಂದಿದ್ದೆ. ಆಮೇಲಿಂದ ಅವರು ನನಗೆ ಕಾಫಿಯನ್ನು ಪಡಸಾಲೆಯಲ್ಲೇ ತಂದುಕೊಡುತ್ತಾರೆ.

ಇರಲಿ, ಹೇಳಬೇಕಾದದ್ದು ಮೊಮ್ಮಗಳು ಚೈತ್ರಳ ಸಂಗತಿ. ಮೂರನೆಯ ಕ್ಲಾಸಿಗೇ ಸ್ಲೇಟು ಕೆಳಗಿಟ್ಟವಳ ಮೊಮ್ಮಗಳು ನೀರನ್ನೇ ಸೀಳಿ ಎರಡು ಗಾಳಿ ಮಾಡುತ್ತಾಳೆ ಎಂದರೆ ನಾನು ಹೇಗೆ ಬಾಯಿ ಮುಚ್ಚಿಕೊಂಡಿರಲಿ? ವಿನೋಬನಗರದ ನಮ್ಮ ಓಣಿಗೆ ಬರುವ ತರಕಾರಿ ಗಾಡಿಯವನಿಗೂ ಹೇಳಿಯಾಗಿದೆ. ಒಂದು ಪ್ಲಾಸ್ಟಿಕ್ ಡಬ್ಬಿ, ತಳದಲ್ಲಿ ಎರಡು ಸ್ಟೀಲ್ ಸ್ಕ್ರೂ, ಅವಕ್ಕೆ ವೈರು, ಬ್ಯಾಟರಿ, ಮೇಲೆ ಬೋರಲು ಹಾಕಿದ ಎರಡು ಗಾಜಿನ ನಳಿಕೆ. ಇಷ್ಟೇ. ವೈರು ಕೂಡಿಸಿದರೆ ಸಣ್ಣ ಸಣ್ಣ ಗುಳ್ಳೆಗಳು ಏಳುತ್ತವೆ; ಒಂದು ನಳಿಕೆಯಲ್ಲಿ ಹೈಡ್ರೋಜನ್, ಇನ್ನೊಂದರಲ್ಲಿ ಅದರ ಅರ್ಧದಷ್ಟು ಆಕ್ಸಿಜನ್. ಆರುತ್ತಿರುವ ಊದುಬತ್ತಿಯನ್ನು ಆಕ್ಸಿಜನ್ನಿನೊಳಗೆ ಹಿಡಿದರೆ ಮತ್ತೆ ಹೊತ್ತಿಕೊಳ್ಳುತ್ತದೆ. ಮೊದಲ ಸಲ ನೋಡಿದಾಗ ನಾನು ಕೈ ಮುಗಿದೆ. “ಅಜ್ಜಿ, ಇದು ದೇವರಲ್ಲ, ಆಕ್ಸಿಜನ್ನು,” ಎಂದಳು. “ಇರ್ಲಿ ಬಿಡು, ಮುಗಿದ ಕೈ ವಾಪಸ್ ತಗೊಳ್ಳಾಕ ಬರಲ್ಲ,” ಎಂದೆ.

ಹರಿಹರದ ಶಾಲೆಯೊಂದರಲ್ಲಿ ವಿಜ್ಞಾನ ಪ್ರದರ್ಶನವಿತ್ತು. ಅಲ್ಲಿ ಆರಿಸಿದವರನ್ನು ಮೈಸೂರಿಗೆ ಕಳಿಸುತ್ತಾರಂತೆ; ಎರಡು ತಿಂಗಳಿಂದ ಹುಡುಗಿಗೆ ಅದೇ ಧ್ಯಾನ. ನಾನೂ ಜೊತೆಗೆ ಹೊರಟೆ. ಮೇಜಿನ ಮೇಲೆ ಎಲ್ಲ ಜೋಡಿಸಿಟ್ಟು, ಎದೆಗೆ ಹಚ್ಚಿಕೊಳ್ಳುವ ಚೀಟಿ ತರಲು ಅವಳು ಆಚೆ ಹೋದಳು. ನಾನು ಡಬ್ಬಿಯೊಳಗೆ ಬಗ್ಗಿ ನೋಡಿದೆ. ನೀರು ಮಬ್ಬು ಮಬ್ಬಾಗಿತ್ತು, ಮೇಲೆ ದೂಳು ಬೇರೆ. ದೊಡ್ಡವರಿಗೆ ತೋರಿಸುವ ನೀರೇ ಇದು? ಚೆಲ್ಲಿ, ಡಬ್ಬಿ ತೊಳೆದು, ಅಲ್ಲಿದ್ದ ಫಿಲ್ಟರ್ ನೀರು ತುಂಬಿದೆ. ನಳಿಕೆಗಳನ್ನೂ ತುಂಬಿ ಬೋರಲು ಹಾಕಿದೆ. ನೋಡಿ ನೋಡಿ ಅಷ್ಟು ಕೈಗೆ ಬಂದಿತ್ತು.

ತೀರ್ಪು ಕೊಡುವ ಮೇಡಂ ಬಂದರು. ಚೈತ್ರ ವೈರು ಕೂಡಿಸಿದಳು. ಒಂದು ಗುಳ್ಳೆಯಿಲ್ಲ. ವೈರು ಅಲುಗಾಡಿಸಿದಳು, ಬ್ಯಾಟರಿ ಬದಲಾಯಿಸಿದಳು. ನಾನು ಬ್ಯಾಟರಿ ಮಾರಿದವನ ವಂಶವನ್ನೆಲ್ಲ ಮನಸ್ಸಿನಲ್ಲೇ ಬೈದೆ. “ಸರಿ ಮಾಡ್ಕೋ, ಆ ಸಾಲು ನೋಡಿ ಬರ್ತೀನಿ,” ಎಂದು ಮೇಡಂ ಮುಂದೆ ಹೋದರು. ಹುಡುಗಿಯ ಕಣ್ಣು ತುಂಬಿತ್ತು.

“ಅಜ್ಜಿ, ನೀರು ಯಾಕ ಇಷ್ಟು ತಿಳಿ ಐತೆ?”

“ನಾನೇ ಬದಲಾಯಿಸಿದೆ ಕಣವ್ವ. ಫಿಲ್ಟರ್ ನೀರು!” ಹೆಮ್ಮೆಯಿಂದಲೇ ಹೇಳಿದೆ.

“ಅಯ್ಯೋ, ಅದ್ರಾಗ ಅಡುಗೆ ಸೋಡ ಹಾಕಿದ್ನಲ್ಲ! ಬರೀ ನೀರಾಗ ಕರೆಂಟ್ ಸರಿಯಾಗಿ ಹರಿಯಲ್ಲ ಅಜ್ಜಿ.”

ನನ್ನ ಮೊಣಕಾಲು ಅಷ್ಟು ಜೋರಾಗಿ ಓಡಬಲ್ಲದೆಂದು ನನಗೇ ಗೊತ್ತಿರಲಿಲ್ಲ. ಗೇಟಿನಾಚೆ ಮೆಣಸಿನಕಾಯಿ ಬಜ್ಜಿಯ ಗಾಡಿಯಿತ್ತು. “ಸ್ವಲ್ಪ ಸೋಡ ಕೊಡಪ್ಪ.”

“ಯಾಕಜ್ಜಿ, ಹೊಟ್ಟೆ ಉಬ್ಬರಾನ?”

“ಇಲ್ಲಪ್ಪ, ನೀರು ಒಡೀಬೇಕು.” ಅವನು ನನ್ನ ಮುಖ ನೋಡುತ್ತಲೇ ಪೊಟ್ಟಣ ಕಟ್ಟಿಕೊಟ್ಟ.

ಮೇಡಂ ತಿರುಗಿ ಬಂದು “ಏನಾಗಿತ್ತು?” ಎಂದರು. ಚೈತ್ರ ನನ್ನ ಕಡೆ ನೋಡಿ, ಸುಮ್ಮನೆ ವೈರು ಸರಿಮಾಡತೊಡಗಿದಳು. ನನಗೆ ತಡೆಯಲಾಗಲಿಲ್ಲ. “ತಪ್ಪು ನಂದ್ರಿ ಮೇಡಂ,” ಎಂದು ಎಲ್ಲರೆದುರು ಹೇಳಿಬಿಟ್ಟೆ. ಮೇಡಂ ನಕ್ಕು, “ಯಾಕೆ ಹೀಗಾಯ್ತು, ತೋರಿಸು,” ಎಂದರು. ಅವಳು ಮೊದಲು ಬರೀ ನೀರಿನಲ್ಲಿ ತೋರಿಸಿದಳು, ಆಮೇಲೆ ಸೋಡ ಬೆರೆಸಿದಳು. ಗುಳ್ಳೆಗಳು ಎದ್ದವು, ಊದುಬತ್ತಿ ಹೊತ್ತಿತು. ಸಂಜೆ ಓದಿದ ಹೆಸರುಗಳಲ್ಲಿ ಅವಳದೂ ಇತ್ತು! ಬಸ್ಸಿನಲ್ಲಿ ಪಕ್ಕದವರಿಗೆಲ್ಲ ಹೇಳಿದೆ. ಹೇಳಿ ಮುಗಿದ ಮೇಲೆ ಯೋಚನೆ ಹತ್ತಿತು: ಇಷ್ಟು ವಯಸ್ಸಾಯಿತು, ಯಾವುದು ಕೊಳೆ ಯಾವುದು ಬೇಕಾದದ್ದು ಎಂದು ತೊಳೆಯುವ ಮೊದಲು ನಾನು ಯಾರನ್ನಾದರೂ ಕೇಳಿದ್ದುಂಟೆ?

ಬಾಗಿಲಲ್ಲೇ ಸೊಸೆ, “ತೊಂದ್ರೆ ಏನೂ ಆಗ್ಲಿಲ್ಲ ತಾನೆ, ಅತ್ತೆ?” ಎಂದಳು. ಹರಿಹರದ ಅಷ್ಟು ಜನರೆದುರು ಒಪ್ಪಿಕೊಂಡವಳು ನಾನು. ಆದರೆ ಇವಳಿಗೆ ಹದಿನೈದು ವರ್ಷದಿಂದ ಪಾತ್ರೆ ತೊಳೆಯುವುದನ್ನು ಕಲಿಸುತ್ತಿರುವ ಅತ್ತೆಯೂ ನಾನೇ.

“ಶುರುವಿಗೆ ನೀರು ಸ್ವಲ್ಪ ಕೈಕೊಡ್ತು. ಹರಿಹರದ ನೀರೇ ಹಂಗ,” ಎಂದೆ.

ನಮ್ಮೂರೂ ಹರಿಹರವೂ ಕುಡಿಯುವುದು ಒಂದೇ ತುಂಗಭದ್ರೆಯನ್ನು ಎಂಬುದು ಅವಳಿಗೂ ಗೊತ್ತು. ಪುಣ್ಯಾತ್ಗಿತ್ತಿ, “ಹೌದೇನ್ರಿ ಅತ್ತೆ,” ಎಂದು ಕುಡಿಯಲು ನೀರು ತಂದುಕೊಟ್ಟಳು.